ಐದೂವರೆ ಅಡಿಯ ಸಂಸಾರ

ಹೆಂಗಸರ ವಯಸ್ಸನ್ನೂ ಗಂಡಸರ ಸಂಬಳವನ್ನೂ ಕೇಳಬಾರದು ಎನ್ನುತ್ತಾರೆ. ನಮ್ಮ ಫೋಟೋ ಸ್ಟುಡಿಯೋ ಯಜಮಾನರಿಗೆ ಅಂಥ ಬಿಗುಮಾನ ಇರಲಿಲ್ಲ. ಸಂಪಾದನೆ ಎಷ್ಟು ಎಂದರೆ ಹೇಳುತ್ತಿದ್ದರು. ಕೂದಲಿಗೆ ಬಣ್ಣ ಹಚ್ಚುತ್ತೀರಾ ಎಂದರೆ ಅದನ್ನು ಯಾವ ಅಂಗಡಿಯಲ್ಲಿ ಕೊಂಡದ್ದು ಎಂಬುದನ್ನೂ ಸೇರಿಸಿ ಹೇಳುತ್ತಿದ್ದರು. ಎತ್ತರ ಎಷ್ಟು ಎಂದು ಕೇಳಿದಾಗ ಮಾತ್ರ ಅವರಿಗೆ ಒಳಗೆಲ್ಲೋ ಒಂದು ಕೆಲಸ ನೆನಪಾಗಿಬಿಡುತ್ತಿತ್ತು. ಅಲ್ಲಿಗೂ ಬಿಡದೆ ಕೇಳಿದವರಿಗೆ "ಐದೂವರೆ ಅಡಿ" ಎಂದು ಹೇಳಿ ಮಾತು ಬೇರೆ ಕಡೆ ತಿರುಗಿಸುತ್ತಿದ್ದರು.

ಐದೂವರೆ ಎಂಬುದು ಪೂರ್ತಿ ಸುಳ್ಳೂ ಅಲ್ಲ. ಅದರಲ್ಲಿ ಐದು ಅಡಿ ನಾಲ್ಕು ಇಂಚು ಅವರ ಸ್ವಂತದ್ದು, ಉಳಿದ ಎರಡಿಂಚು ಚಪ್ಪಲಿ ಅಂಗಡಿಯವನದು. ಹೊರಗೆ ಹೋಗಲು ಹಿಮ್ಮಡಿ ಎತ್ತರಿಸಿದ ಬೂಟು, ಮನೆಯೊಳಗೆ ದಪ್ಪ ಹಿಮ್ಮಡಿಯ ಸ್ಲಿಪ್ಪರ್. "ನೆಲದ ತಣುಪು ನನಗೆ ಆಗಿಬರಲ್ಲ" ಎಂದು ಸುಡುಬೇಸಿಗೆಯಲ್ಲೂ ಹೇಳುತ್ತಿದ್ದರು. ಮನೆಯಲ್ಲಿ ಯಾರೂ ಅದಕ್ಕೆ ಎದುರಾಡಲಿಲ್ಲ.

ಹೆಂಡತಿಯ ಲೆಕ್ಕ ಇದಕ್ಕೆ ತದ್ವಿರುದ್ಧ. ಆಕೆ ಐದು ಅಡಿ ಎಂಟು ಇಂಚು. ಮದುವೆಗೆ ಮುಂಚೆ, ಗುರುತಿನ ಚೀಟಿಗೆ ಫೋಟೋ ತೆಗೆಸಲು ಸ್ಟುಡಿಯೋಗೆ ಬಂದಿದ್ದಳು. ತಿರುಗಿಸುವ ಸ್ಟೂಲನ್ನು ಯಜಮಾನರು ಎಷ್ಟು ಇಳಿಸಿದರೂ ಆಕೆಯ ತಲೆ ಚೌಕಟ್ಟಿನ ಆಚೆಗೇ ಇತ್ತು. ಸ್ಟೂಲು ಇನ್ನು ಇಳಿಯುವುದಿಲ್ಲ ಎಂದಾದ ಮೇಲೆ ಕ್ಯಾಮೆರಾ ಎತ್ತಿಕೊಂಡು ಹಿಂದೆ ಹಿಂದೆ ಸರಿದರು, ಬೆನ್ನು ಹೋಗಿ ಗೋಡೆಗೆ ಬಡಿಯಿತು. ಆಕೆ ನಕ್ಕಳು. ಫೋಟೋನೂ ಕೆಟ್ಟಿತು, ಯಜಮಾನರೂ ಕೆಟ್ಟರು. ಆ ನೀಳ ಕುತ್ತಿಗೆ, ಆ ನೆಟ್ಟಗಿನ ಬೆನ್ನು ನೋಡಿ ಅವರು ಮೂರು ದಿನ ಬಂದವರ ಫೋಟೋಗಳನ್ನೆಲ್ಲ ಮಂಜು ಮಂಜಾಗಿ ತೆಗೆದರು.

ಅಡ್ಡ ನಿಂತವಳು ಅಕ್ಕ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದವಳು ಆಕೆಯೇ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸ. ಮನೆಯಲ್ಲೂ ಯಾರಾದರೂ ಎದುರಿಗೆ ಬಂದರೆ ಟಿಕೆಟ್ ಇಲ್ಲದೆ ಹತ್ತಿದವರನ್ನು ನೋಡುವ ಹಾಗೆಯೇ ನೋಡುತ್ತಿದ್ದಳು. ತಮ್ಮ ತನ್ನ ಪ್ರೀತಿಯ ವಿಷಯ ಎತ್ತಿದಾಗ ಅವಳು ಕೇಳಿದ್ದು ಒಂದೇ ಮಾತು. "ಹುಡುಗಿ ನಿನಗಿಂತ ಉದ್ದ ಇಲ್ವಷ್ಟೇ, ಪುಟ್ಟ? ನಾಲ್ಕು ಜನ ಬೆನ್ನ ಹಿಂದೆ ಕಿಸಿಕಿಸಿ ನಗೋ ಜೋಡಿ ನನಗೆ ಬೇಡ." ತಲೆ ನರೆಯುವ ವಯಸ್ಸಿನಲ್ಲೂ ಆಕೆಗೆ ತಮ್ಮ ಪುಟ್ಟನೇ.

"ಛೆ ಛೆ, ಇಬ್ಬರೂ ಸಮ. ಐದೂವರೆ" ಎಂದುಬಿಟ್ಟರು ಯಜಮಾನರು.

ಹುಡುಗಿಗೆ ಅವರು ಏನನ್ನೂ ಹೇಳಿಕೊಡಲಿಲ್ಲ. "ನಮ್ಮಕ್ಕ ಸ್ವಲ್ಪ ಎತ್ತರದ ಬಗ್ಗೆ..." ಎಂದು ಮಾತು ಶುರು ಮಾಡಿ ನಿಲ್ಲಿಸಿದ್ದರು, ಅಷ್ಟೇ. ಅಕ್ಕನನ್ನು ನೋಡಲು ಬಂದ ದಿನ ಆಕೆ ಚಪ್ಪಟೆ ಚಪ್ಪಲಿ ಮೆಟ್ಟಿಕೊಂಡು, ಭುಜ ಮುದುಡಿ, ಸೊಂಟದ ಹತ್ತಿರ ಒಂದಿಷ್ಟು ಬಗ್ಗಿ ಒಳಗೆ ಬಂದಳು. ಅಕ್ಕ ಮೇಲಿಂದ ಕೆಳಗೆ ನೋಡಿ ತಮ್ಮನ ಕಿವಿಯಲ್ಲಿ ಹೇಳಿದಳು, "ಬಗ್ಗಿ ನಡೀತಾಳೆ ಕಣೋ. ಹುಡುಗಿಗೆ ವಿನಯ ಇದೆ."

ಹೀಗೆ ಎರಡಿಂಚು ಇವರು ಹತ್ತಿದರು, ಎರಡಿಂಚು ಆಕೆ ಇಳಿದಳು, ಐದೂವರೆಯಲ್ಲಿ ಸಂಸಾರ ಕೂಡಿಕೊಂಡಿತು. ಆಮೇಲೆ ಅಕ್ಕ ದೂರದ ಊರಿಗೆ ವರ್ಗವಾಗಿ ಹೋದಳು. ಆದರೆ ಒಮ್ಮೆ ಹೇಳಿದ ಸುಳ್ಳಿಗೆ ರಜೆ ಕೊಡುವುದು ಹೇಗೆ? ಅಕ್ಕಪಕ್ಕದವರೂ ಐದೂವರೆ ಎಂದೇ ನಂಬಿದ್ದರು. ಸ್ಟುಡಿಯೋ ಹಿಂದಿನ ಕೋಣೆಯಲ್ಲಿ ಆಕೆ ಗಾಜು ಕತ್ತರಿಸಿ ಫೋಟೋಗಳಿಗೆ ಫ್ರೇಮು ಕಟ್ಟುತ್ತಿದ್ದಳು. ಆ ಕೆಲಸದ ಮೇಜನ್ನೂ ಯಜಮಾನರು ಐದೂವರೆ ಅಡಿಯವರಿಗೆ ತಕ್ಕಂತೆಯೇ ಮಾಡಿಸಿದ್ದರು. ಬಗ್ಗು ಎಂದು ಅವರು ಒಂದು ದಿನವೂ ಹೇಳಲಿಲ್ಲ. ಬಗ್ಗುತ್ತಿದ್ದೇನೆ ಎಂದು ಆಕೆಯೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಬಾಯಿಗೆ ಬೀಗ ಹಾಕಬಹುದು, ಬೆನ್ನಿಗೆ ಹಾಕುವುದಕ್ಕಾಗುತ್ತದೆಯೇ? ಮದುವೆಯಾದ ಇಪ್ಪತ್ತೆಂಟನೇ ವರ್ಷಕ್ಕೆ ಆಕೆಯ ಬೆನ್ನು ಬಾಯಿಬಿಟ್ಟಿತು. ಬೆಳಿಗ್ಗೆ ಹಾಸಿಗೆಯಿಂದ ಏಳಲು ಗೋಡೆ ಹಿಡಿಯಬೇಕು. ಒಂದು ಫ್ರೇಮು ಮುಗಿಸುವಷ್ಟರಲ್ಲಿ ಎರಡು ಸಲ ಕುರ್ಚಿ ಬೇಕು. ಮುಲಾಮು ಆಯಿತು, ಬಿಸಿನೀರಿನ ಚೀಲ ಆಯಿತು. ಕೊನೆಗೆ ಬೆನ್ನು, ಮಂಡಿಗಳಿಗೆ ವ್ಯಾಯಾಮ ಮಾಡಿಸುವ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದರು.

ಅಲ್ಲಿ ಪರದೆಯ ಒಳಗೆ ಹೆಂಡತಿ, ಹೊರಗಿನ ಬೆಂಚಿನ ಮೇಲೆ ಇತರ ರೋಗಿಗಳ ಜೊತೆ ಯಜಮಾನರು. ಡಾಕ್ಟರಮ್ಮ ಗೋಡೆಗೆ ನಿಲ್ಲಿಸಿ ಅಳತೆ ತೆಗೆದಿರಬೇಕು. "ನೆಟ್ಟಗೆ ನಿಂತ್ಕೊಳ್ಳಿ... ಇನ್ನೂ... ಐದು ಎಂಟು!" ಎಂದದ್ದು ಹೊರಕ್ಕೆ ಕೇಳಿತು. ಯಜಮಾನರಿಗೆ ಆ ಗಳಿಗೆಯಲ್ಲೇ ಜೋರು ಕೆಮ್ಮು ಬಂತು. ಪಕ್ಕದಲ್ಲಿದ್ದ ಮಂಡಿನೋವಿನ ಮುದುಕರು ಹೆದರಿ ಅತ್ತ ಸರಿದು ಕುಳಿತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಮುಟ್ಟಿ ನೋಡಿಕೊಂಡದ್ದು ಬೂಟಿನ ಹಿಮ್ಮಡಿಯನ್ನು.

ಡಾಕ್ಟರಮ್ಮ ಆಕೆಗೆ ಮಾಡಿಸಿದ್ದು ಉಲ್ಟಾ ಮಂಚದ ಚಿಕಿತ್ಸೆ. ನಿಂತ ಹಾಗೆಯೇ ಹಲಗೆಗೆ ಒರಗಬೇಕು, ಹಿಮ್ಮಡಿಯ ಮೇಲ್ಗಡೆ ಕಾಲನ್ನು ಹಿಡಿತದಲ್ಲಿ ಸಿಕ್ಕಿಸಬೇಕು, ಆಮೇಲೆ ಹಲಗೆ ಏತದಂತೆ ಹಿಂದಕ್ಕೆ ವಾಲುತ್ತದೆ, ತಲೆ ಕೆಳಗೆ ಕಾಲು ಮೇಲೆ. ಬೆನ್ನಿನ ಎಲುಬುಗಳು ಒಂದರ ಮೇಲೊಂದು ಕೂತು ಜಗಳವಾಡುವುದನ್ನು ಬಿಟ್ಟು ಸ್ವಲ್ಪ ದೂರ ದೂರ ಸರಿಯುತ್ತವೆ. ನಾಲ್ಕನೆಯ ಸಲ ಆಕೆ ಪರದೆ ಸರಿಸಿ ಹೊರಬಂದಾಗ ಮುಖದಲ್ಲಿ ನೋವಿನ ಗಂಟು ಇರಲಿಲ್ಲ. ದಾರಿಯುದ್ದಕ್ಕೂ ಮಾತಾಡುತ್ತಾ ಬಂದಳು. ಮಾತಿನ ಭರದಲ್ಲಿ ಒಂದೆರಡು ಸಲ ಬಗ್ಗುವುದನ್ನೇ ಮರೆತಳು. ಯಜಮಾನರಿಗೆ ಸಂತೋಷವಾಯಿತು. ಅಂಗಡಿಯ ಗಾಜಿನಲ್ಲಿ ತಮ್ಮಿಬ್ಬರ ನೆರಳು ಕಂಡಾಗ ಆ ಸಂತೋಷಕ್ಕೆ ಸ್ವಲ್ಪ ಹೊಟ್ಟೆನೋವೂ ಬಂತು.

"ಮನೇಲೇ ಒಂದು ಇಟ್ಕೊಳ್ಳಿ" ಎಂದು ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿ ಹೇಳಿದ್ದಳು. "ಬಿಪಿ ನೋಡಿದ್ದೀನಿ, ಕಣ್ಣೂ ತೋರಿಸಿ ಆಯ್ತು, ತೊಂದರೆ ಇಲ್ಲ. ಆದ್ರೆ ಊಟ ಆದ ಕೂಡ್ಲೇ ಬೇಡ. ಒಬ್ಬರೇ ಇದ್ದಾಗ ಬೇಡವೇ ಬೇಡ. ಪೂರ್ತಿ ತಲೆಕೆಳಗಾಗೋ ಆಸೆ ಬಿಡಿ, ಸ್ವಲ್ಪ ವಾಲಿದ್ರೆ ಸಾಕು. ಅದಕ್ಕೇ ಹಲಗೆ ಅಡೀಲಿ ಒಂದು ಪಟ್ಟಿ ಇರುತ್ತೆ, ಅದು ಜಾಸ್ತಿ ವಾಲದ ಹಾಗೆ ತಡೀತದೆ. ಎಲ್ಲಕ್ಕಿಂತ ಮುಖ್ಯ ಎತ್ತರ. ಸರಿಯಾಗಿಟ್ರೆ ಕೈ ಮೇಲೆತ್ತಿದ್ರೆ ಹಿಂದಕ್ಕೆ ಹೋಗುತ್ತೆ, ಕೈ ಇಳಿಸಿದ್ರೆ ಮುಂದಕ್ಕೆ ಬರುತ್ತೆ, ಬೆಣ್ಣೆ ಥರ. ಇರೋ ಎತ್ತರಕ್ಕಿಂತ ಕಮ್ಮಿ ಇಟ್ರೋ, ತಲೆ ಕಡೆ ಭಾರ ಆಗಿ ದಢಾರಂತ ಹೋಗುತ್ತೆ, ವಾಪಸ್ ಬರಲ್ಲ." ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು. ಎತ್ತರದ ಮಾತು ಬಂದಾಗ ಮಾತ್ರ ಒಬ್ಬರು ಫ್ಯಾನ್ ನೋಡಿದರು, ಒಬ್ಬಳು ನೆಲ ನೋಡಿದಳು.

ಮಂಚ ಮನೆಗೆ ಬಂತು. ಕೆಳಗೆ ಸ್ಟುಡಿಯೋ, ಮೇಲೆ ಮನೆ. ಮುಂದಿನ ಕೋಣೆಯಲ್ಲಿ ಸೋಫಾ ಸರಿಸಿ ಜಾಗ ಮಾಡಿದರು. ಜೋಡಿಸಲು ಬಂದವನ ಸುತ್ತ ಎದುರುಮನೆಯವರು, ಪಕ್ಕದ ಔಷಧಿ ಅಂಗಡಿಯವನು, ಯಾರು ಯಾರೋ ನೆರೆದಿದ್ದರು. ಕಾಲಿನ ಕಡೆಯ ಸಲಾಕೆಯಲ್ಲಿ ಸಾಲಾಗಿ ತೂತುಗಳು, ಒಂದೊಂದಕ್ಕೂ ಒಂದೊಂದು ಅಳತೆ. ಅವನು ಕೀಲು ಕೈಯಲ್ಲಿ ಹಿಡಿದು, "ಅಮ್ಮೋರ ಎತ್ತರ ಎಷ್ಟು ಸಾರ್?" ಎಂದು ಊರಿಗೆಲ್ಲ ಕೇಳುವಂತೆ ಕೇಳಿದ.

ಕೋಣೆ ನಿಶ್ಶಬ್ದವಾಯಿತು ಎಂದು ಯಜಮಾನರಿಗೆ ಅನಿಸಿತು. ನಿಜಕ್ಕೂ ಯಾರೂ ಮಾತು ನಿಲ್ಲಿಸಿರಲಿಲ್ಲ. "ಐದೂವರೆ" ಎಂದರು. ಹೆಂಡತಿ ಒಂದು ಸಲ ಅವರ ಮುಖ ನೋಡಿದಳು, ಆಮೇಲೆ ಕಿಟಕಿಯ ಗಾಜಿನಲ್ಲಿ ಯಾವುದೋ ಕಲೆ ಕಂಡವಳ ಹಾಗೆ ಅದನ್ನು ಒರೆಸತೊಡಗಿದಳು. ಕೀಲು ಐದೂವರೆಯ ತೂತಿನಲ್ಲಿ ಕುಳಿತಿತು.

ಎರಡಿಂಚು ತಾನೇ, ಏನಾಗುತ್ತದೆ ಎಂದು ಅವರು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಏನೂ ಆಗಲೂ ಇಲ್ಲ. ಏಕೆಂದರೆ ಹಲಗೆಯ ಅಡಿಯ ಪಟ್ಟಿ ಗಟ್ಟಿಯಾಗಿತ್ತು. ದಿನಾ ಸಂಜೆ ಯಜಮಾನರು ಪಕ್ಕದಲ್ಲಿ ಕಾವಲು ನಿಂತು, ಆಕೆ ಒರಗಿಕೊಂಡರೆ ಹಲಗೆ ಸರ್ರನೆ ವಾಲಿ ಪಟ್ಟಿ ಬಿಗಿದು ನಿಲ್ಲುತ್ತಿತ್ತು. "ಸ್ವಲ್ಪ ಜೋರಾಗಿ ಹೋಗುತ್ತೆ ರೀ, ಅಲ್ಲಿ ಹೀಗಿರಲಿಲ್ಲ" ಎಂದಳು ಆಕೆ. "ಹೊಸದಲ್ವಾ, ಎಣ್ಣೆ ಜಾಸ್ತಿ ಹಾಕಿದ್ದಾರೆ" ಎಂದರು ಇವರು. ಏಳುವಾಗಲೂ ಬೆಣ್ಣೆಯ ಹಾಗೇನೂ ಬರುತ್ತಿರಲಿಲ್ಲ, ಇವರು ತಲೆಯ ಹತ್ತಿರ ಒಂದು ಕೈ ಕೊಡಬೇಕಾಗುತ್ತಿತ್ತು. ಆದರೂ ಬೆನ್ನು ದಿನದಿಂದ ದಿನಕ್ಕೆ ಹಗುರಾಗುತ್ತಿತ್ತು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಯಜಮಾನರು ಒಳಗೊಳಗೇ ಬೀಗಿದರು.

ಇಲ್ಲಿ ಅವರ ಕಸುಬಿನ ಒಂದು ಚಟ ಹೇಳಬೇಕು. ಒಳ್ಳೆಯ ಪಟ್ಟಿ ಕಂಡರೆ ಫೋಟೋದವರ ಕೈ ಸುಮ್ಮನಿರುವುದಿಲ್ಲ. ಕ್ಯಾಮೆರಾ, ಸ್ಟ್ಯಾಂಡು, ದೀಪ, ಎಲ್ಲವನ್ನೂ ಯಾವುದಾದರೊಂದು ಪಟ್ಟಿಯಿಂದ ಬಿಗಿಯುತ್ತಲೇ ಅವರ ಆಯುಸ್ಸು ಕಳೆದಿರುತ್ತದೆ. ಒಂದು ದಿನ ಸ್ಟುಡಿಯೋದ ನೀಲಿ ಪರದೆ ಸುರುಳಿ ನಿಲ್ಲದೆ ಬಂದವರ ತಲೆಯ ಮೇಲೆ ಬೀಳುವುದಕ್ಕೆ ಶುರುವಾಯಿತು. ಯಜಮಾನರು ಮೇಲೆ ಬಂದರು, ಮಂಚದ ಪಟ್ಟಿ ಬಿಚ್ಚಿದರು, ಪರದೆಗೆ ಕಟ್ಟಿದರು. ಸಂಜೆ ವಾಪಸ್ ಹಾಕಿದರಾಯಿತು ಅಂದುಕೊಂಡರು. ಸಂಜೆಗೆ ಮೊದಲೇ ಅಕ್ಕ ಬಂದಿಳಿದಳು.

ಕೆಲಸದಿಂದ ನಿವೃತ್ತಳಾಗಿ ವರ್ಷಗಳಾಗಿದ್ದರೂ ಅಕ್ಕನ ದೃಷ್ಟಿ ನಿವೃತ್ತಿಯಾಗಿರಲಿಲ್ಲ. ಊಟ ಮುಗಿಸಿ ಕೈ ಒರೆಸುತ್ತಾ ಮುಂದಿನ ಕೋಣೆಗೆ ಬಂದವಳು ಮಂಚದ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಇದೇನೋ ಪುಟ್ಟ, ಜನರನ್ನ ಒಣಗೋಕೆ ಹಾಕೋ ಸಾಮಾನು?"

"ಬೆನ್ನಿಗೆ ಅಕ್ಕ. ಇವಳಿಗೆ. ತಲೆಕೆಳಗಾದ್ರೆ ನೋವು ಹೋಗುತ್ತೆ."

"ನಮ್ಮ ಕಾಲದಲ್ಲಿ ನೋವು ಬಂದ್ರೆ ಮಲಗ್ತಿದ್ವಿ. ಎಲ್ಲಿ, ಒಂದು ಸಲ ಮಾಡು ನೋಡೋಣ ಕಣಮ್ಮ."

"ಈಗ ತಾನೇ ಊಟ ಆಯ್ತಲ್ಲ ಅತ್ತಿಗೆ, ಸ್ವಲ್ಪ ಹೊತ್ತು ಬಿಟ್ಟು" ಎಂದಳು ಹೆಂಡತಿ. ಅಕ್ಕ ಗಡಿಯಾರದ ಎದುರಿಗೆ ಕುರ್ಚಿ ಎಳೆದುಕೊಂಡು, ತಡವಾದ ರೈಲು ಕಾಯುವವಳ ಹಾಗೆ ಕುಳಿತಳು. ಮಧ್ಯಾಹ್ನವೆಲ್ಲ ಹಾಗೇ ಕುಳಿತಳು. ಕೊನೆಗೆ ಹೆಂಡತಿ ಎದ್ದು ಕಾಲನ್ನು ಹಿಡಿತಕ್ಕೆ ಸಿಕ್ಕಿಸಿ, ಎರಡು ಸಲ ಅಲ್ಲಾಡಿಸಿ ಗಟ್ಟಿ ಮಾಡಿಕೊಂಡು, ಹಲಗೆಗೆ ಒರಗಿದಳು. ಯಜಮಾನರು ಪಕ್ಕದಲ್ಲಿ ನಿಂತರು. ಅಕ್ಕನ ಎದುರು ಸ್ಲಿಪ್ಪರ್ ಮೇಲೆ ಸರಿಯಾಗಿ ನಿಂತಿದ್ದೇನೆಯೇ ಎಂಬುದರ ಮೇಲೆಯೇ ಅವರ ಗಮನವಿತ್ತು. ಪಟ್ಟಿಯ ನೆನಪೇ ಇರಲಿಲ್ಲ.

ಆಕೆ ಕೈ ಮೇಲೆತ್ತಿದಳು. ಹಲಗೆ ಸರ್ರನೆ ವಾಲಿತು, ಪಟ್ಟಿ ಹಿಡಿಯಬೇಕಾದ ಜಾಗಕ್ಕೆ ಬಂತು, ಅಲ್ಲಿ ಹಿಡಿಯುವವರು ಯಾರೂ ಇರಲಿಲ್ಲ. ದಢಾರ್! ಐದು ಅಡಿ ಎಂಟಿಂಚಿನ ಹೆಂಗಸು ಪೂರ್ತಿ ತಲೆಕೆಳಗಾಗಿ, ಜಡೆ ನೆಲ ಗುಡಿಸುತ್ತಾ, ಕಾಲು ಛಾವಣಿ ತೋರಿಸುತ್ತಾ ನೇತಾಡಿದಳು.

"ಅಯ್ಯೋ! ಸತ್ತೇ ಹೋದ್ಲು!" ಎಂದಳು ಅಕ್ಕ.

"ಇಲ್ಲ ಅತ್ತಿಗೆ, ಇದ್ದೀನಿ" ಎಂದು ಕೆಳಗಿನಿಂದ ದನಿ ಬಂತು.

ಯಜಮಾನರಿಗೆ ಪಟ್ಟಿ ಎಲ್ಲಿದೆ ಎಂಬುದು ನೆನಪಾಯಿತು. ಕೀಲು ಯಾವ ತೂತಿನಲ್ಲಿದೆ ಎಂಬುದೂ ನೆನಪಾಯಿತು. ಡಾಕ್ಟರಮ್ಮ ಹೇಳಿದ "ವಾಪಸ್ ಬರಲ್ಲ" ಎಂಬ ಮಾತು ಅವಳ ದನಿಯಲ್ಲೇ ಕೇಳಿಸಿತು. ಗಾಬರಿಯಲ್ಲಿ ಮೇಲಿದ್ದ ಕಾಲಿನ ಸಲಾಕೆ ಹಿಡಿದು ಕೆಳಗೆಳೆಯಲು ಹೋದರು. ಸಲಾಕೆ ಮೇಲೆಲ್ಲೋ ಇತ್ತು. ತುದಿಗಾಲಲ್ಲಿ ನಿಂತರು, ಕೈ ಎಟುಕಲಿಲ್ಲ. ಹಾರಿದರು. ಹಾರಿದ ರಭಸಕ್ಕೆ ಒಂದು ಸ್ಲಿಪ್ಪರ್ ಸೋಫಾದ ಅಡಿಗೆ, ಇನ್ನೊಂದು ಅಕ್ಕನ ಮಡಿಲಿಗೆ ಹೋಯಿತು.

"ರೀ, ಎಗರಬೇಡಿ" ಎಂದಿತು ಕೆಳಗಿನ ದನಿ. ಮುಖ ಕೆಂಪಾಗಿತ್ತು, ದನಿ ಮಾತ್ರ ಸಮಾಧಾನದಲ್ಲಿತ್ತು. "ಮೇಲಿಂದ ಎಳೆದ್ರೆ ಆಗಲ್ಲ. ಕೆಳಗೆ ಬನ್ನಿ. ತಲೆ ಹತ್ರ ಹಲಗೆ ಹಿಡ್ಕೊಂಡು ಮೆಲ್ಲಗೆ ಎತ್ತಿ. ಅತ್ತಿಗೆ, ನೀವು ಆ ಕಡೆ."

ಯಜಮಾನರು ಬರಿಗಾಲಲ್ಲಿ ಕುಕ್ಕರಗಾಲು ಹಾಕಿ ಹಲಗೆಗೆ ಹೆಗಲು ಕೊಟ್ಟರು. ಅಕ್ಕ ಆ ಕಡೆಯಿಂದ ಹಿಡಿದಳು. ರೈಲಿನಲ್ಲಿ ಪೆಟ್ಟಿಗೆ ಎತ್ತಿಸಿ ಇಳಿಸಿ ಪಳಗಿದ ಕೈ, ಒಂದೇ ಸಲ ಎತ್ತಿಬಿಡಲು ಹೊರಟಿತ್ತು. "ಮೆಲ್ಲಗೆ, ಮೆಲ್ಲಗೆ" ಎಂದಳು ಹೆಂಡತಿ. ಹಲಗೆ ಮಲಗಿದ ಮಟ್ಟಕ್ಕೆ ಬಂದಾಗ ನಿಲ್ಲಿಸಿ ಎಂದಳು. ತಲೆ ಸುತ್ತು ಇಳಿಯುವ ತನಕ ಹಾಗೇ ಮಲಗಿ ಉಸಿರಾಡಿದಳು. ಆಮೇಲೆ ಇಬ್ಬರೂ ಸೇರಿ ನಿಲ್ಲಿಸಿದರು. ಕಾಲು ಬಿಡಿಸಿಕೊಂಡು ಆಕೆ ನೆಲಕ್ಕಿಳಿದು, ಎರಡು ಕೈಯಲ್ಲಿ ಯಜಮಾನರ ಭುಜ ಹಿಡಿದುಕೊಂಡಳು.

ಗೋಡೆಯ ಕನ್ನಡಿಯಲ್ಲಿ ಯಜಮಾನರಿಗೆ ಅದು ಕಂಡಿತು. ಬರಿಗಾಲಿನ ತಾವು, ಗಾಬರಿಯಲ್ಲಿ ಬಗ್ಗಲು ಮರೆತ ಹೆಂಡತಿ. ಅವರ ತಲೆ ಆಕೆಯ ಕಣ್ಣಿನ ಮಟ್ಟಕ್ಕಷ್ಟೇ ಬಂದಿತ್ತು. ಆಕೆಗೂ ಕಂಡಿರಬೇಕು. ಕೂಡಲೇ ಭುಜ ಮುದುಡಿತು, ಸೊಂಟ ಬಗ್ಗಿತು, ಹೊಸದಾಗಿ ಹಗುರಾಗಿದ್ದ ಬೆನ್ನು ಹಳೇ ಜಾಗಕ್ಕೆ ಹೋಗಿ ಕುಳಿತಿತು. ಆಗ ಆಕೆಯ ಬಾಯಿಂದ ಸಣ್ಣಗೆ "ಹಾ" ಎಂದು ಬಂತು. ತಲೆಕೆಳಗಾಗಿ ನೇತಾಡುವಾಗಲೂ ಬಾರದ ಸದ್ದು ಅದು.

ಅಕ್ಕ ಸೋಫಾದಲ್ಲಿ ಕುಸಿದು, ಕೈಗೆ ಸಿಕ್ಕ ಸ್ಲಿಪ್ಪರಿನಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದಳು. ಉಸಿರು ಬಂದ ಕೂಡಲೇ ತೀರ್ಪೂ ಬಂತು.

"ಈ ದರಿದ್ರ ಸಾಮಾನು ಇವತ್ತೇ ವಾಪಸ್ ಹೋಗ್ಬೇಕು. ಕೆಟ್ಟ ಮಾಲು ಕೊಟ್ಟಿದ್ದಾರೆ ನಿನಗೆ. ಫೋನ್ ಮಾಡು ಅಂಗಡಿಗೆ. ನೀನು ಮಾಡದಿದ್ರೆ ನಾನು ಮಾಡ್ತೀನಿ, ಹೇಗೆ ಮಾತಾಡ್ಬೇಕೋ ನನಗೆ ಗೊತ್ತು."

ಯಜಮಾನರಿಗೆ ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. ಹೌದಲ್ಲ! ಮಾಲೇ ಕೆಟ್ಟದ್ದು! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇಲ್ಲಿ ನೆಲವನ್ನು ಡೊಂಕು ಎನ್ನಲು ಅಕ್ಕನೇ ಸಿದ್ಧವಾಗಿದ್ದಾಳೆ. ಹ್ಞೂಂ ಎಂದರೆ ಸಾಕು, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗದು.

"ಆಗ್ಲಿ ಅತ್ತಿಗೆ, ಕಳಿಸಿಬಿಡೋಣ" ಎಂದಳು ಹೆಂಡತಿ. "ನನಗೇನು ಅಂಥ ನೋವಿಲ್ಲ. ಮುಲಾಮು ಇದೆ."

ಯಜಮಾನರು ಆಕೆಯ ಕಡೆ ನೋಡಿದರು. ಆಕೆ ಅವರ ಕಡೆ ನೋಡಲಿಲ್ಲ. ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ತನ್ನ ಬೆನ್ನಿಗೆ ಬಂದ ಒಂದೇ ಒಂದು ಸುಖವನ್ನು, ಎದುರುಮನೆಯವರಿಗೆ ಸಕ್ಕರೆ ಕೊಟ್ಟು ಕಳಿಸುವಷ್ಟು ಸಲೀಸಾಗಿ ಕಳಿಸುತ್ತಿದ್ದಳು. ಯಾಕೆ ಕಳಿಸುತ್ತಿದ್ದಾಳೆ ಎಂದು ಯಜಮಾನರಿಗೆ ಗೊತ್ತಿತ್ತು. ಅಷ್ಟು ವರ್ಷಗಳಿಂದಲೂ ಗೊತ್ತಿತ್ತು. ಅವರಿಗೆ ನಾಚಿಕೆಯಾಯಿತು. ಗಂಟಲಲ್ಲಿ ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಬೂಟಿನಲ್ಲಿ ನಿಂತು ಸಂಪಾದಿಸಿದ ಎರಡಿಂಚು ಎಷ್ಟು ದುಬಾರಿ ಬಿತ್ತು ಎಂದು ಅನ್ನಿಸಿ ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು.

"ಮಾಲು ಸರಿಯಾಗೇ ಇದೆ ಅಕ್ಕ" ಎಂದರು.

"ಏನು ಸರಿಯಾಗಿದೆ? ಕಣ್ಣಾರೆ ನೋಡಿದ್ನಲ್ಲ!"

"ಪಟ್ಟಿ ಬಿಚ್ಚಿದ್ದು ನಾನು. ಎತ್ತರ ತಪ್ಪಿಟ್ಟಿದ್ದೂ ನಾನೇ. ಇವಳು ಐದೂವರೆ ಅಲ್ಲ."

"ರೀ" ಎಂದಳು ಹೆಂಡತಿ.

"ಐದು ಅಡಿ ಎಂಟು ಇಂಚು." ಹೇಳಿಬಿಟ್ಟರು. ಹೇಳಿದ ಮೇಲೆ ಛಾವಣಿ ಬೀಳಲಿಲ್ಲ, ಅದರಿಂದ ಧೈರ್ಯ ಬಂದು ಇನ್ನೊಂದನ್ನೂ ಹೇಳಿದರು. "ನಾನೂ ಐದೂವರೆ ಅಲ್ಲ. ಐದು ನಾಲ್ಕು. ಉಳಿದಿದ್ದು ನಿನ್ನ ಕೈಯಲ್ಲಿದೆ ನೋಡು."

ಅಕ್ಕ ಬೀಸುವುದನ್ನು ನಿಲ್ಲಿಸಿ ಸ್ಲಿಪ್ಪರನ್ನು ತಿರುಗಿಸಿ ನೋಡಿದಳು. ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ತಮ್ಮನ ಬರಿಗಾಲು, ಅಲ್ಲಿಂದ ತಲೆ. ಆಮೇಲೆ ಹೆಂಡತಿಯ ಕಾಲು, ಅಲ್ಲಿಂದ ಮೇಲೆ ಮೇಲೆ ಹೋಗಿ ತಲೆ. ಸುಳ್ಳು ಟಿಕೆಟನ್ನು ಬೆಳಕಿಗೆ ಹಿಡಿದು ನೋಡುವಾಗ ಆಕೆಯ ಮುಖ ಹೀಗೇ ಇರುತ್ತಿತ್ತು.

"ಇಪ್ಪತ್ತೆಂಟು ವರ್ಷ," ಎಂದಳು ಕೊನೆಗೆ. "ಇಪ್ಪತ್ತೆಂಟು ವರ್ಷ ಟಿಕೆಟ್ ಇಲ್ದೆ ಪ್ರಯಾಣ ಮಾಡಿದ್ದೀಯ, ಅದೂ ನನ್ನ ಬೋಗೀಲಿ!"

"ಇಳಿಸಿಬಿಡ್ತೀಯಾ?"

"ಇನ್ನೆಲ್ಲಿಗೋ ಇಳಿಸ್ಲಿ, ಇಳಿದೇ ನಿಂತಿದ್ದೀಯಲ್ಲ!" ಎಂದಳು ಅಕ್ಕ. ನಗು ಬರುತ್ತಿತ್ತು, ಆದರೆ ಸಿಟ್ಟಿನ ಪಾಲು ಇನ್ನೂ ಮುಗಿದಿರಲಿಲ್ಲ. ಹೆಂಡತಿಯ ಕಡೆ ತಿರುಗಿದಳು. "ನೀನಾದ್ರೂ ಹೇಳಬಾರದಿತ್ತೇನಮ್ಮ? ವಿನಯ ಅಂದ್ಕೊಂಡಿದ್ನಲ್ಲ ನಾನು! ಬಂದೋರಿಗೆಲ್ಲ ಹೇಳ್ಕೊಂಡು ಬಂದೆ, ನನ್ನ ತಮ್ಮನ ಹೆಂಡತಿ ತಗ್ಗಿ ಬಗ್ಗಿ ನಡೀತಾಳೆ ಅಂತ."

"ವಿನಯಾನೂ ಇತ್ತು ಅತ್ತಿಗೆ," ಎಂದಳು ಹೆಂಡತಿ, "ಆದ್ರೆ ಸೊಂಟ ಬಗ್ಗಿಸೋಷ್ಟು ಇರಲಿಲ್ಲ."

ಅಕ್ಕ ಏನೋ ಹೇಳಲು ಬಾಯಿ ತೆರೆದು, ಆಕೆ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಿದ್ದ ರೀತಿ ನೋಡಿ ಮುಚ್ಚಿಕೊಂಡಳು. ಒಂದು ಕಾಲದಲ್ಲಿ ತಾನೇ ಹೇಳಿದ ಮಾತು ಅವಳಿಗೂ ನೆನಪಾಗಿರಬೇಕು. "ನಾಲ್ಕು ಜನ ನಗ್ತಾರೆ ಅಂದಿದ್ದೆ," ಎಂದಳು ಮೆಲ್ಲಗೆ. "ಆ ನಾಲ್ಕು ಜನ ಯಾರು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಹೋಗೋ, ಆ ಪಟ್ಟಿ ತಗೊಂಡು ಬಾ."

ಪಟ್ಟಿ ಸ್ಟುಡಿಯೋದಲ್ಲಿತ್ತು. ಸ್ಟುಡಿಯೋಗೆ ಬೀದಿಯ ಮೂಲಕವೇ ಹೋಗಬೇಕು. ಬೂಟು ಬಾಗಿಲ ಪಕ್ಕದಲ್ಲೇ ಇತ್ತು. ಯಜಮಾನರು ಅದರ ಹತ್ತಿರ ಒಂದು ಗಳಿಗೆ ನಿಂತರು, ಅದನ್ನು ಕಾಲಿನಿಂದಲೇ ಪಕ್ಕಕ್ಕೆ ಸರಿಸಿ ಬರಿಗಾಲಲ್ಲಿ ಮೆಟ್ಟಿಲಿಳಿದರು. ಔಷಧಿ ಅಂಗಡಿಯವನು 'ನಮಸ್ಕಾರ' ಎನ್ನಲು ಎಂದಿನ ಎತ್ತರಕ್ಕೆ ಕಣ್ಣು ಹಾಯಿಸಿ, ಅಲ್ಲಿ ಯಾರೂ ಇಲ್ಲದ್ದು ಕಂಡು, ಕಣ್ಣನ್ನು ಎರಡಿಂಚು ಕೆಳಗಿಳಿಸಿದ. "ಏನ್ ಸಾರ್, ಸೊರಗಿದ್ದೀರಾ?" ಎಂದ. "ಇಲ್ಲಪ್ಪ, ನಾನಿರೋದೇ ಇಷ್ಟು" ಎಂದು ಯಜಮಾನರು ಒಳಗೆ ಹೋಗಿ ಪಟ್ಟಿ ಬಿಚ್ಚಿದರು. ನೀಲಿ ಪರದೆ ಬಳಬಳನೆ ಅವರ ಮೇಲೆಯೇ ಸುರಿಯಿತು.

ಮೇಲೆ ಬಂದು ಪಟ್ಟಿಯನ್ನು ಹಲಗೆಯ ಅಡಿಗೆ ಸಿಕ್ಕಿಸಿ, ಗಿಡ್ಡ ಮಾಡಿ ಬಿಗಿದರು, ಎಳೆದು ನೋಡಿದರು. ಕೀಲು ತೆಗೆದರು. ಸಲಾಕೆ ಎಳೆದು ಐದು ಎಂಟರ ತೂತಿಗೆ ಕೂರಿಸಿದರು. ಕೀಲು ಟಕ್ ಎಂದು ಬಿದ್ದದ್ದನ್ನು ಅಕ್ಕನೂ ಬಗ್ಗಿ ಪರೀಕ್ಷಿಸಿ ಒಪ್ಪಿಗೆ ಕೊಟ್ಟಳು. ಇವತ್ತು ಇಷ್ಟು ಸಾಕು, ನಾಳೆ ಮಾಡಿದರಾಯಿತು ಎಂದು ಯಜಮಾನರು ಅಂದರು. ಹೆಂಡತಿ ಸ್ವಲ್ಪ ನೀರು ಕುಡಿದು, ಸುಧಾರಿಸಿಕೊಂಡು, "ಇಲ್ಲ, ಒಂಚೂರು ನೋಡೇಬಿಡೋಣ" ಎಂದಳು.

ಈ ಸಲ ಆಕೆ ಕೈ ಎತ್ತಿದಾಗ ಹಲಗೆ ಯೋಚನೆ ಮಾಡಿ ಮಾಡಿ ವಾಲಿತು. ಕೈ ಎದೆಗೆ ತಂದಾಗ ನಿಂತಿತು. ಕೈ ಇಳಿಸಿದಾಗ, ಯಾರ ಹೆಗಲೂ ಬೇಡದೆ, ತಾನಾಗಿ ಮುಂದಕ್ಕೆ ಬಂತು. ಆಕೆ ಕಣ್ಣು ಮುಚ್ಚಿಕೊಂಡು ಮತ್ತೊಂದು ಸಲ ಹೋಗಿ ಬಂದಳು. ಅಕ್ಕ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು.

ಇಳಿದು ನಿಂತಾಗ ಯಜಮಾನರು ಎದುರಿಗೆ ಬಂದರು. ಒಂದು ಸ್ಲಿಪ್ಪರ್ ಸೋಫಾದ ಮೇಲಿತ್ತು, ಇನ್ನೊಂದು ಅದರ ಅಡಿಯಲ್ಲೇ ಇತ್ತು, ಅವರು ಹುಡುಕಲಿಲ್ಲ. "ಈಗ ನೆಟ್ಟಗೆ ನಿಂತ್ಕೊ" ಎಂದರು.

ಆಕೆ ನಿಂತಳು. ಭುಜ ಹಿಂದಕ್ಕೆ ಹೋಯಿತು, ಕುತ್ತಿಗೆ ಮೇಲೆದ್ದಿತು, ಒಂದು ಉಸಿರಿನಷ್ಟು ಹೊತ್ತು ಆಕೆ ಪೂರ್ತಿ ಎತ್ತರವಾದಳು. ಆಮೇಲೆ ಯಾರೂ ಹೇಳದೆ, ಯಾರೂ ನಗದೆ, ಬೆನ್ನು ತನ್ನಷ್ಟಕ್ಕೆ ತಾನು ಮೆಲ್ಲಗೆ ಬಗ್ಗಿತು. ಆಕೆ ಮತ್ತೆ ಪ್ರಯತ್ನಿಸಿದಳು. ಮತ್ತೆ ಬಗ್ಗಿತು. ಆಕೆ ನಗಲು ಹೋದಳು, ಕಣ್ಣಲ್ಲಿ ನೀರು ಬಂತು.

"ಬರ್ತಾ ಇಲ್ಲ ರೀ," ಎಂದಳು. "ಹೇಗೆ ನಿಲ್ಲೋದು ಅಂತ ಮರೆತೇ ಹೋಗಿದೆ."

ಯಜಮಾನರು ಒಂದು ಹೆಜ್ಜೆ ಮುಂದೆ ಬಂದರು. ಕೈ ಚಾಚಿ, ಹೆಂಡತಿಯ ಬೆನ್ನಿನ ಬಗ್ಗಿದ ಜಾಗದಲ್ಲಿ ಅಂಗೈ ಇಟ್ಟರು. ಅದನ್ನು ಬಗ್ಗಿಸಿದ್ದು ತಾವೇ ಎಂಬುದು ಅಂಗೈಗೆ ತಿಳಿಯುತ್ತಿತ್ತು. ತಲೆಯೆತ್ತಿ ಆಕೆಯ ಮುಖ ನೋಡಿದರು.

"ಬರುತ್ತೆ," ಎಂದರು. "ಅವಸರ ಇಲ್ಲ. ನೀನು ಮೆಲ್ಲಗೆ ಮೇಲೆ ಹೋಗು. ನಾನು ಇಲ್ಲೇ ಕೆಳಗಿರ್ತೀನಿ."